ಎರಡು ಕೀ, ಒಂದು ಸೇಫ್

"ಆಫೀಸಿನಲ್ಲಿ ಯಾರನ್ನೂ ಜಾಸ್ತಿ ಹಚ್ಚಿಕೊಳ್ಳಬೇಡಿ." ಕೆಲಸಕ್ಕೆ ಸೇರುವ ಹೊಸಬರಿಗೆ ಈ ಬುದ್ಧಿಮಾತು ಹೇಳುವವರು ಎಲ್ಲ ಕಡೆ ಇರುತ್ತಾರೆ. ಮೊನ್ನೆ ನಮ್ಮ ಬ್ಯಾಂಕ್ ಬ್ರಾಂಚಿಗೆ ಬಂದ ಪ್ರೊಬೇಷನರಿ ಹುಡುಗನಿಗೂ ಯಾರೋ ಹೇಳಿ ಕಳಿಸಿದ್ದರು. ಊಟದ ಹೊತ್ತಲ್ಲಿ ನನ್ನನ್ನೇ ಕೇಳಿದ, "ನಿಜಾನಾ ಮೇಡಂ?" ಅಂತ. ಆಗ ನನ್ನ ಡಬ್ಬಿ ನಾನು ಅಕ್ಕ ಅನ್ನುವ ಸಹೋದ್ಯೋಗಿಯ ಮುಂದಿತ್ತು, ಅಕ್ಕನ ಡಬ್ಬಿ ನನ್ನ ಮುಂದಿತ್ತು. ನಾನು ಬಾಯಿ ಬಿಡೋ ಮೊದಲೇ ಅಕ್ಕ, "ಮೊದ್ಲು ಊಟ ಮಾಡಪ್ಪ, ಆಮೇಲೆ ಕೌಂಟರ್ ಮುಂದೆ ಜನ ನಿಲ್ತಾರೆ" ಅಂದರು. ಹುಡುಗ ತಲೆ ಬಗ್ಗಿಸಿ ಉಣ್ಣತೊಡಗಿದ. ಅವನು ಮರೆತಿರಬಹುದು. ನನಗೆ ಅದು ತಲೆಯಲ್ಲೇ ಕೂತುಬಿಟ್ಟಿದೆ.

ಈ ಬುದ್ಧಿಮಾತು ದೊಡ್ಡ ಊರಿನ ಆಫೀಸುಗಳಿಗೆ ಸರಿ ಹೋಗಬಹುದು. ಅಲ್ಲಿ ಸಂಜೆ ಲಿಫ್ಟ್ ಇಳಿದರೆ ಒಬ್ಬರು ವೈಟ್‌ಫೀಲ್ಡ್ ಕಡೆ, ಇನ್ನೊಬ್ಬರು ಕೆಂಗೇರಿ ಕಡೆ. ಶ್ರೀನಿವಾಸಪುರದಂಥ ತಾಲ್ಲೂಕು ಊರಿನ ಬ್ರಾಂಚಿನಲ್ಲಿ ಹೇಗೆ ಸಾಧ್ಯ ಹೇಳಿ? ಇರೋರೇ ಬೆರಳೆಣಿಕೆ ಜನ. ಅದರಲ್ಲಿ ಕೋಲಾರದಿಂದ ಓಡಾಡೋರು ಒಂದೇ ಬಸ್ಸು ಹತ್ತಬೇಕು. ಮದುವೆ ಸೀಸನ್ನಿನಲ್ಲಿ ಒಂದೇ ಛತ್ರದಲ್ಲಿ ಎದುರುಬದುರು ಎಲೆಗೆ ಕೂರಬೇಕು. ಕೌಂಟರಿಗೆ ಬರುವವರೂ ಹಾಗೇ. ಒಬ್ಬರು ಕ್ಲರ್ಕಿನ ಷಡ್ಡಕ, ಇನ್ನೊಬ್ಬರು ಅಟೆಂಡರಿಗೆ ಪಾಠ ಹೇಳಿದ ಮೇಷ್ಟ್ರು. ತೆಲುಗಿನಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಊರು ಇದು. ಪಾಸ್‌ಬುಕ್ ಎಂಟ್ರಿಗೆ ಬಂದವರು ಮಗಳ ಬಾಣಂತನದ ಸುದ್ದಿ ಹೇಳದೆ ಹೋಗುವುದಿಲ್ಲ. ಇಂಥ ಕಡೆ ಹಚ್ಚಿಕೊಳ್ಳಬೇಡಿ ಅಂದರೆ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಕೂರಬೇಕಷ್ಟೇ.

ಹಾಗಂತ ಆ ಮಾತು ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. ಅಕ್ಕನ ಜೊತೆ ಎರಡು ಸಲ ನನಗೆ ಅದರ ಬಿಸಿ ತಟ್ಟಿದೆ.

ಶಟರ್ ದಾಟಿದ ಮೇಲೆ

ಅಕ್ಕ ನಮ್ಮ ಹೆಡ್ ಕ್ಯಾಷಿಯರ್. ವಯಸ್ಸಿನಲ್ಲೂ ಸರ್ವೀಸಿನಲ್ಲೂ ನನಗಿಂತ ತುಂಬ ದೊಡ್ಡವರು. ನಾನು ಆಫೀಸರ್. ಹುದ್ದೆಯ ಲೆಕ್ಕದಲ್ಲಿ ಅವರಿಗಿಂತ ಮೇಲಿನವಳು. ಅವರು ಹಾಕಿದ ಎಂಟ್ರಿಯನ್ನು ನಾನು ನೋಡಿ ಆಥರೈಸ್ ಮಾಡಿದರೆ ಮಾತ್ರ ಕೆಲಸ ಮುಂದಕ್ಕೆ ಹೋಗುತ್ತದೆ. ಆದರೆ ನನಗೆ ಈ ಕೆಲಸ ಕಲಿಸಿದ್ದೇ ಅವರು. ಹರಿದ ನೋಟಿನಲ್ಲಿ ಯಾವುದನ್ನು ಬದಲಾಯಿಸಿ ಕೊಡಬಹುದು, ಯಾವುದನ್ನು ಕೊಡಲಾಗದು ಅಂತ ಬೆಳಕಿಗೆ ಹಿಡಿದು ತೋರಿಸಿದರು. ಜಗಳಕ್ಕೆ ಬಂದವರಿಗೆ ಮೊದಲು ಕುರ್ಚಿ ತೋರಿಸಬೇಕು, ಉತ್ತರ ಆಮೇಲೆ ಅಂತ ಹೇಳಿಕೊಟ್ಟರು. ನೋಟು ಎಣಿಸುವಾಗ ಯಾರು ಕರೆದರೂ ತಲೆ ಎತ್ತಬಾರದಂತೆ. "ಮ್ಯಾನೇಜರ್ ಕರೆದ್ರೂ ಅಷ್ಟೇ, ಪ್ರಧಾನಮಂತ್ರಿ ಬಂದ್ರೂ ಅಷ್ಟೇ" ಅನ್ನೋರು.

ಬಸ್ಸಿನಲ್ಲಿ ನಾನು ಅವರನ್ನು ಅಕ್ಕ ಅನ್ನುತ್ತೇನೆ. ಅವರು ನನ್ನನ್ನು ನೀನು, ತಾನು ಅಂತಲೇ ಮಾತಾಡಿಸುತ್ತಾರೆ. ಬ್ರಾಂಚಿನ ಶಟರ್ ದಾಟಿದ ಮೇಲೆ ಇಬ್ಬರೂ ಮೇಡಂ. ಇದನ್ನು ಶುರು ಮಾಡಿದ್ದೂ ಅವರೇ. ನಾನು ಹೊಸದರಲ್ಲಿ ಕಸ್ಟಮರ್ ಎದುರೇ, "ಅಕ್ಕ, ಈ ವೋಚರಿಗೆ ಸೈನ್ ಆಗಿಲ್ಲ" ಅಂದಿದ್ದೆ. ಸಂಜೆ ಬಸ್ಸು ಹತ್ತಿದ ಮೇಲೆ ಹೇಳಿದರು, "ಒಳಗಡೆ ಮೇಡಂ ಅನ್ನು. ಎದುರಿಗೆ ನಿಂತಿರೋರಿಗೆ ಇವ್ರಿಬ್ರೂ ಒಂದೇ ಅನ್ನಿಸ್ಬಾರ್ದು ಕಣಮ್ಮ."

ಮಾತಿನಲ್ಲಿ ಹೇಳೋದು ಸುಲಭ, ಅಲ್ವಾ? ಅವರು ಅದನ್ನು ಮಾಡಿ ತೋರಿಸಿದ್ದು ಮಾವಿನ ಕಾಲದಲ್ಲಿ. 2025ರ ಜೂನ್ ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಬಾರದು ಅಂತ ಗಡಿಯಲ್ಲಿ ತಡೆ ಹಾಕಿತು. ಇಲ್ಲಿನ ತೋತಾಪುರಿಗೆ ಆ ಕಡೆಯ ಪಲ್ಪ್ ಫ್ಯಾಕ್ಟರಿಗಳೇ ಗತಿ. ಕಾಯಿ ಮರದಲ್ಲಿ, ದುಡ್ಡು ಕೈಯಲ್ಲಿಲ್ಲ. ಸ್ಕೂಲು ಫೀಸಿನ ಕಾಲ ಬೇರೆ. ಗೋಲ್ಡ್ ಲೋನ್ ಕೌಂಟರಿನ ಮುಂದೆ ಬೆಳಗ್ಗೆಯಿಂದಲೇ ಸಾಲು. ಒಂದು ದಿನ ಆ ಸಾಲಿನಲ್ಲಿ ಅಕ್ಕನ ನಾದಿನಿ ನಿಂತಿದ್ದರು, ಸೆರಗಿನಲ್ಲಿ ಒಂದು ಸಣ್ಣ ಗಂಟು ಹಿಡಿದುಕೊಂಡು.

ಅಕ್ಕ ಅವರನ್ನು ನೋಡಿದರು. ನೀರು ತರಿಸಿ ಕೊಟ್ಟರು. ಸಾಲು ಬಿಟ್ಟು ಮುಂದೆ ಬನ್ನಿ ಅನ್ನಲಿಲ್ಲ. ಅವರ ಸರದಿ ಬರೋ ಹೊತ್ತಿಗೆ ಸರಿಯಾಗಿ ಕ್ಯಾಶ್ ಕ್ಯಾಬಿನ್ನಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಅಪ್ರೈಸರ್ ನೆಕ್ಲೇಸನ್ನು ಒರೆಗಲ್ಲಿಗೆ ಉಜ್ಜಿದರು, ಆಸಿಡ್ ಹಾಕಿ ನೋಡಿದರು, ತೂಗಿದರು. ಆಮೇಲೆ ಕಲ್ಲಿನ ತೂಕ, ಒಳಗಿನ ಅರಗಿನ ತೂಕ ಕಳೆದು ನೆಟ್ ವೆಯ್ಟ್ ಬರೆದರು. ಸಾಲ ಸಿಗೋದು ಆ ನೆಟ್ ವೆಯ್ಟ್ ಮೇಲೆ. ನಾದಿನಿಗೆ ಸಿಟ್ಟು ಬಂತು. "ಅಂಗಡೀಲಿ ತಗೊಂಡಾಗ ಇಷ್ಟು ಕಮ್ಮಿ ಇರ್ಲಿಲ್ಲ. ನಮ್ಮ ಅತ್ತಿಗೆನ ಕರೀರಿ, ಅವ್ರೇ ಹೇಳ್ತಾರೆ" ಅಂದರು. ನಾನು ಕ್ಯಾಬಿನ್ ಕಡೆ ನೋಡಿದೆ. ಗಾಜಿನ ಆ ಕಡೆ ಅಕ್ಕ ನೋಟು ಎಣಿಸುತ್ತಿದ್ದರು. ತಲೆ ಎತ್ತಲೇ ಇಲ್ಲ. ಆ ಹೊತ್ತಿಗೆ ಎಣಿಸುವ ನೋಟು ನಿಜವಾಗಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಸಂಜೆ ಆ ಪ್ಯಾಕೆಟ್ ಸೇಫಿಗೆ ಇಡುವಾಗ ಸೀಲು ನೋಡಿದರು, ಪುಸ್ತಕದಲ್ಲಿ ಸೈನ್ ಹಾಕಿದರು. ಬಸ್ಸಿನಲ್ಲಿ ಮಾತ್ರ ನಗುತ್ತಾ ಹೇಳಿದರು, "ಇವತ್ತು ಮನೇಲಿ ನಂಗೆ ಬೈಗುಳದ್ದೇ ಊಟ."

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಮುಂದೆ ಬರೆಯೋದನ್ನು ಓದಿದವರು ಅಕ್ಕನನ್ನು ರೂಲ್ಸ್ ಗೊತ್ತಿಲ್ಲದ ಹಳೇ ಕಾಲದ ನೌಕರಳು ಅಂದುಕೊಳ್ಳಬಾರದು.

ಕೈಗೆ ಇಟ್ಟ ಕೀ

ಸೇಫಿಗೆ ಎರಡು ಬೀಗ. ಒಂದರ ಕೀ ಅಕ್ಕನ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ಒಟ್ಟಿಗೆ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಡೂಪ್ಲಿಕೇಟ್ ಕೀಗಳ ಸೆಟ್ ನಮ್ಮ ಬ್ರಾಂಚಿನಲ್ಲಿ ಇರುವುದೇ ಇಲ್ಲ, ಬೇರೆ ಕಡೆ ಇಟ್ಟಿರುತ್ತಾರೆ. ಒಬ್ಬರು ರಜೆ ಹಾಕಿದರೆ ಕೀ ರಿಜಿಸ್ಟರಿನಲ್ಲಿ ತಾರೀಕು, ಟೈಮು ಬರೆದು ಮೂರನೆಯವರಿಗೆ ಕೊಡಬೇಕು. ಎರಡೂ ಕೀ ಒಬ್ಬರ ಕೈಗೆ ಮಾತ್ರ ಬರಬಾರದು. ಕಂಪ್ಯೂಟರಿನಲ್ಲೂ ಇದೇ ಲೆಕ್ಕ. ಎಂಟ್ರಿ ಹಾಕಿದವರೇ ಅದನ್ನು ಆಥರೈಸ್ ಮಾಡಲು ಹೋದರೆ ಸಿಸ್ಟಂ ಒಪ್ಪುವುದಿಲ್ಲ. ಬ್ಯಾಂಕುಗಳಲ್ಲಿ ನಡೆಯುವ ವಂಚನೆ ಬಗ್ಗೆ ನೋಡಲು ರಿಸರ್ವ್ ಬ್ಯಾಂಕ್ ಹಾಕಿದ್ದ ಘೋಷ್ ಸಮಿತಿ 1992ರಲ್ಲಿ ವರದಿ ಕೊಟ್ಟಾಗ ಈ ಜಂಟಿ ಕಸ್ಟಡಿ, ಆಗಾಗ ಸೀಟು ಬದಲಾಯಿಸುವುದು, ಇವನ್ನೆಲ್ಲ ಒತ್ತಿ ಹೇಳಿತ್ತು. ಟ್ರೈನಿಂಗ್‌ನಲ್ಲಿ ಬಾಯಿಪಾಠ ಮಾಡಿದ್ದು. ಪರೀಕ್ಷೆಗೆ ಬರುತ್ತೆ ಅಂತ ಓದಿದ್ದೆ, ಬಾಳಿಗೆ ಬರುತ್ತೆ ಅಂದುಕೊಂಡಿರಲಿಲ್ಲ.

ಅದೇ ಮಾವಿನ ಕಾಲ. ಕ್ಯಾಶ್ ಟ್ಯಾಲಿ ಆಗಿ ಸೇಫ್ ಮುಚ್ಚಿದ್ದೆವು. ಅಕ್ಕನಿಗೆ ಫೋನ್ ಬಂತು. ಮುಳಬಾಗಿಲು ಕಡೆಯ ಹಳ್ಳಿಯಲ್ಲಿರುವ ಅವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಏಳಲು ಆಗುತ್ತಿಲ್ಲ. ಅಕ್ಕನ ಮುಖ ಬಿಳಿಚಿಕೊಂಡಿತು. ವ್ಯಾನಿಟಿ ಬ್ಯಾಗು ಹೆಗಲಿಗೆ ಹಾಕಿಕೊಂಡರು, ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇಟ್ಕೋ. ನಾಳೆ ಬರ್ತೀನೋ ಇಲ್ವೋ ಗೊತ್ತಿಲ್ಲ. ಮುಳಬಾಗಿಲು ಬಸ್ಸು ಈಗ ಸಿಗುತ್ತೆ, ಬಿಟ್ರೆ ಆಮೇಲೆ ಕಾಯ್ಬೇಕು."

ನಾನು ಕೈ ಮುಚ್ಚಲಿಲ್ಲ. "ಎರಡೂ ನನ್ನ ಹತ್ರ ಆಗುತ್ತೆ ಅಕ್ಕ. ಬೇಡ" ಅಂದೆ. ಮೇಡಂ ಅನ್ನಲೂ ಮರೆತಿದ್ದೆ. ಇನ್ನೊಬ್ಬ ಕ್ಲರ್ಕ್ ಅಲ್ಲೇ ಇದ್ದರು, ಅವರ ಹೆಸರಿಗೆ ಬರೆದು ಕೊಡಬಹುದಿತ್ತು. ಅದಕ್ಕೆ ಮ್ಯಾನೇಜರ್ ಒಪ್ಪಿಗೆ ಬೇಕು. ಮ್ಯಾನೇಜರ್ ಕೋಲಾರದಲ್ಲಿ ಮೀಟಿಂಗಿನಲ್ಲಿದ್ದರು. ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ. ಅಕ್ಕ ನಿಂತೇ ಇದ್ದರು. ಅಟೆಂಡರ್ ನನ್ನ ಮುಖ, ಅವರ ಮುಖ ನೋಡುತ್ತಿದ್ದ. ಕೊನೆಗೆ ಮ್ಯಾನೇಜರ್ ಸಿಕ್ಕರು, ಹೂಂ ಅಂದರು. ರಿಜಿಸ್ಟರ್ ತೆಗೆದು ಬರೆದು, ಅಕ್ಕ ಸೈನ್ ಹಾಕಿ, ಕ್ಲರ್ಕ್ ಸೈನ್ ಹಾಕುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಅಕ್ಕ ಏನೂ ಅನ್ನಲಿಲ್ಲ. ಹೊರಗೆ ಹೋಗಿ ಯಾರದ್ದೋ ಕಾರು ಮಾತಾಡಿಕೊಂಡು ಹೊರಟರು.

ಆ ಸಂಜೆಯನ್ನು ಎಷ್ಟು ಸಲ ತಿರುವಿ ಹಾಕಿದರೂ ನಾನು ಮಾಡಿದ್ದು ಸರಿ ಅಂತಲೇ ಅನ್ನಿಸುತ್ತದೆ. ಆದರೆ ಸರಿ ಅನ್ನಿಸುವುದರಿಂದ ಸಮಾಧಾನವೇನೂ ಆಗುವುದಿಲ್ಲ. ಆಫೀಸಿನ ಸ್ನೇಹ ಕೆಟ್ಟ ಕಥೆಗಳಲ್ಲಿ ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರನ್ನು ನಂಬದೇ ಇರುತ್ತಾರೆ, ಅಥವಾ ನಂಬಿಸಿ ಕೈ ಕೊಟ್ಟಿರುತ್ತಾರೆ. ನಮ್ಮಲ್ಲಿ ಎರಡೂ ಇರಲಿಲ್ಲ. ಅಕ್ಕ ನನ್ನನ್ನು ಕಣ್ಣು ಮುಚ್ಚಿ ನಂಬಿದ್ದರು. ನಾನು ಆ ನಂಬಿಕೆಯನ್ನೇ ಬೇಡ ಅಂದೆ. ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಹೇಳಿಸಿಕೊಂಡವರಿಗೆ ಜಗಳ ಆಡಲು ಒಂದು ಕಾರಣವಾದರೂ ಸಿಗುತ್ತದೆ. ನಿನ್ನ ನಂಬಿಕೆ ನನಗೆ ಬೇಡ ಅಂತ ಹೇಳಿಸಿಕೊಂಡವರು ಏನು ಮಾಡಬೇಕು?

ನನ್ನ ಕಡೆಯ ವಾದ ಇಷ್ಟೇ. ಎರಡೂ ಕೀ ನನ್ನ ಹತ್ತಿರ ಇದ್ದ ರಾತ್ರಿ ಕಳೆದು ಬೆಳಗ್ಗೆ ಒಂದು ಕಟ್ಟು ಕಮ್ಮಿ ಬಂದರೆ? ಹಿಂದಿನ ದಿನದ ಎಣಿಕೆಯಲ್ಲೇ ತಪ್ಪಾಗಿದ್ದಿರಬಹುದು. ಆದರೆ ಆಗ ನನ್ನ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ. ಅಕ್ಕನಿಗೆ ಮಾತಾಡುವ ಆಸೆ ಇದ್ದರೂ, "ನನ್ನ ಕೀ ಅವಳಿಗೇ ಕೊಟ್ಟಿದ್ದೆ" ಅಂತ ಮಾತ್ರ ಹೇಳಬಹುದು. ಅಲ್ಲಿಗೆ ಅವರ ಕೆಲಸಕ್ಕೂ ಕುತ್ತು. ಅವರ ಕೀ ಅವರ ಹತ್ತಿರ ಇರುವಷ್ಟು ದಿನ ಅವರು ನನಗೆ ಸಾಕ್ಷಿ, ನಾನು ಅವರಿಗೆ ಸಾಕ್ಷಿ. ಇದನ್ನೆಲ್ಲ ಈಗ ಬರೆಯಬಹುದು. ತಾಯಿ ಬಿದ್ದಿದ್ದಾಳೆ ಅಂತ ಓಡುತ್ತಿರುವವರಿಗೆ ಕೂರಿಸಿ ಹೇಳಲು ಆಗುತ್ತದಾ?

ಅಕ್ಕ ವಾಪಸ್ ಬಂದಾಗ ಮುನಿಸು ತೋರಿಸಲಿಲ್ಲ. ಬಸ್ಸಿನಲ್ಲಿ ಎಂದಿನಂತೆ ಪಕ್ಕದಲ್ಲೇ ಕೂತರು. ಟಿಕೆಟ್ ಮಾಡಿಸುವಾಗ ಕಂಡಕ್ಟರಿಗೆ, "ಮೇಡಮ್ಮಿಂದೂ ಸೇರಿಸಿ ಕೊಡಪ್ಪ" ಅಂದರು. ಬಸ್ಸಿನಲ್ಲೇ. ಅಮ್ಮ ಹೇಗಿದ್ದಾರೆ ಅಂತ ಕೇಳಿದರೆ, "ಪರವಾಗಿಲ್ಲ ಮೇಡಂ" ಅಂದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ ಅಂತ ನನಗೆ ಗೊತ್ತಾಗಿದ್ದು ಅಟೆಂಡರ್ ಹೇಳಿದ ಮೇಲೆ. ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ವೋಚರ್ ಸರಿಯಾದ ಹೊತ್ತಿಗೆ ಬರುತ್ತಿತ್ತು, ಲೆಕ್ಕ ಪೈಸೆ ಪೈಸೆಗೆ ಕೂಡುತ್ತಿತ್ತು. ಹೊರಗಿನಿಂದ ಯಾರಾದರೂ ಬಂದು ನೋಡಿದ್ದರೆ ನಮ್ಮಿಬ್ಬರನ್ನು ಮಾದರಿ ಸಹೋದ್ಯೋಗಿಗಳು ಅಂತ ಹೊಗಳುತ್ತಿದ್ದರು. ಬುದ್ಧಿಮಾತಿನವರು ಹೇಳುವ "ಯಾರನ್ನೂ ಹಚ್ಚಿಕೊಳ್ಳದ" ಆಫೀಸು ಹೇಗಿರುತ್ತೆ ಅಂತ ಆ ದಿನಗಳಲ್ಲಿ ನೋಡಿದೆ. ನಡೆಯುತ್ತೆ. ಚೆನ್ನಾಗಿಯೇ ನಡೆಯುತ್ತೆ. ನಾಲ್ಕೂವರೆ ಆದರೆ ಸಾಕಪ್ಪ ಅನ್ನಿಸುತ್ತೆ, ಅಷ್ಟೇ.

ಯಾವಾಗ ಸರಿಹೋಯಿತು ಅಂತ ಗುರುತು ಹಾಕಿ ಹೇಳಲಾರೆ. ಒಂದು ಬೆಳಗ್ಗೆ ಬಸ್ಸು ಹೊರಟ ಮೇಲೆ, ಯಾರೂ ಕೇಳದೆಯೇ, "ಅವ್ವ ನಡೀತಾ ಇದ್ದಾಳೆ ಕಣಮ್ಮ, ವಾಕರ್ ಹಿಡ್ಕೊಂಡು. ಹಿಡ್ಕೊಳ್ಳೋಕೆ ಬಂದೋರಿಗೆಲ್ಲಾ ಬೈತಾಳೆ" ಅಂದರು. ಆ ಕೀ ವಿಷಯ ನಾವು ಇವತ್ತಿನವರೆಗೂ ಮಾತಾಡಿಲ್ಲ.

ಕೈಸಾಲದ ವಿಷಯ

ನಡುವೆ ದುಡ್ಡಿನ ಬಗ್ಗೆಯೂ ಒಂದೆರಡು ಮಾತು. ನಮ್ಮ ನಡತೆ ನಿಯಮಗಳಲ್ಲಿ ಆಫೀಸರ್ ಆದವರು ಕೈಕೆಳಗಿನ ನೌಕರರಿಂದ ಸಾಲ ತಗೋಬಾರದು ಅಂತಲೇ ಇದೆ. ಹಾಗಾಗಿ ನಾನು ಕೇಳುವ ಪ್ರಶ್ನೆಯೇ ಇಲ್ಲ. ಅಕ್ಕ ಕೇಳಬಹುದಿತ್ತು, ಕೇಳಿಲ್ಲ. ತರಕಾರಿಗೆ ಚಿಲ್ಲರೆ ಇಲ್ಲದೆ ನೂರು ರೂಪಾಯಿ ಈಸಿಕೊಂಡರೂ ಮಾರನೇ ದಿನ ಬಸ್ಸು ಹತ್ತುವ ಮೊದಲೇ ಕೊಟ್ಟುಬಿಡುತ್ತಾರೆ. ಅವರ ಚೀಟಿ ಗುಂಪಿಗೂ ನನ್ನನ್ನು ಕರೆದಿಲ್ಲ. ಬ್ರಾಂಚಿನ ಎದುರಿನ ಟೈಲರ್ ಅಂಗಡಿಯವರು, ಮೆಡಿಕಲ್ ಶಾಪಿನವರು ಎಲ್ಲ ಆ ಚೀಟಿಯಲ್ಲಿದ್ದಾರೆ. ಮೊದಮೊದಲು ನನಗೆ ಸ್ವಲ್ಪ ಬೇಜಾರಾಗಿತ್ತು, ನನ್ನನ್ನು ಹೊರಗಿನವಳು ಅಂದುಕೊಂಡರಾ ಅಂತ. ಈಗ ಅರ್ಥವಾಗುತ್ತೆ.

ಗೊತ್ತಿದ್ದೂ ಹೇಳದ ಮಾತು

ಎರಡನೇ ಸಲದ್ದು ಇನ್ನೂ ಕಷ್ಟದ್ದು.

ಬ್ಯಾಂಕಿನಲ್ಲಿ ಕಡ್ಡಾಯ ರಜೆ ಅಂತ ಒಂದಿದೆ. ಕ್ಯಾಶು, ಟ್ರೆಶರಿ ಥರದ ಸೂಕ್ಷ್ಮ ಜಾಗದಲ್ಲಿ ಕೂರುವವರನ್ನು ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ರಜೆಗೆ ಕಳಿಸಬೇಕು. ಮುಂಚೆ ಸುಳಿವು ಕೊಡಬಾರದು. ರಜೆಯಲ್ಲಿದ್ದಾಗ ಅವರ ಕೆಲಸದ ಸಿಸ್ಟಂ ಅವರಿಗೆ ಸಿಗಬಾರದು. 2021ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಈ ನಿಯಮವನ್ನು ಮತ್ತೆ ಬಿಗಿಯಾಗಿ ಹೇಳಿತು. ಇದರ ಹಿಂದಿನ ಯೋಚನೆ ಸರಳ. ಯಾರಾದರೂ ಲೆಕ್ಕದಲ್ಲಿ ಏನಾದರೂ ಮುಚ್ಚಿಡುತ್ತಿದ್ದರೆ ದಿನಾ ಬಂದು ಅದಕ್ಕೆ ತೇಪೆ ಹಾಕುತ್ತಲೇ ಇರಬೇಕಾಗುತ್ತದೆ. ಹತ್ತು ದಿನ ದೂರ ಇಟ್ಟರೆ ತೇಪೆ ಬಿಚ್ಚಿಕೊಳ್ಳುತ್ತದೆ. ಒಳ್ಳೆಯವರನ್ನೂ ಕಳ್ಳರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ನಿಯಮ. ಬೇರೆ ದಾರಿಯೂ ಇಲ್ಲ. ಒಳ್ಳೆಯವರನ್ನು ಬಿಟ್ಟು ಉಳಿದವರನ್ನು ಮಾತ್ರ ಕಳಿಸಿ ಅಂದರೆ ಆ ಪಟ್ಟಿ ಯಾರು ಮಾಡೋದು?

ಅವರೆಕಾಯಿ ಕಾಲದ ಒಂದು ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದು, ನಾಳೆಯಿಂದ ಹೆಡ್ ಕ್ಯಾಷಿಯರಿಗೆ ಕಡ್ಡಾಯ ರಜೆ, ಕೀ ಯಾರಿಗೆ ಅನ್ನೋದು ನೀವು ನೋಡಿಕೊಳ್ಳಿ, ಅವರಿಗೆ ಹೇಳಬೇಡಿ ಅಂದರು. ಸಂಜೆ ಎಂದಿನಂತೆ ಇಬ್ಬರೂ ಬಸ್ಸು ಹತ್ತಿದೆವು. ಅಕ್ಕನಿಗೆ ಅವತ್ತು ಮಾತಿನ ಹುಮ್ಮಸ್ಸು. ನಾಳೆ ಎಟಿಎಂಗೆ ಕ್ಯಾಶ್ ಹಾಕಬೇಕು, ಐನೂರರ ನೋಟು ಕಮ್ಮಿ ಇದೆ, ಬೆಳಗ್ಗೆ ಬೇಗ ಹೋಗೋಣ ಅಂದರು. ಸಂತೆಗೆ ಸೊನೆ ಅವರೆಕಾಯಿ ಬಂದಿದೆ, ರಾತ್ರಿ ನೆನೆಸಿ ಹಿದುಕಿ ನಾಳೆ ಸಾರು ಮಾಡಿಕೊಂಡು ಬರ್ತೀನಿ, ನೀನು ಮುದ್ದೆ ತಾ ಅಂದರು. ನಾನು ಹೂಂ ಅಂದೆ. ಎಲ್ಲದಕ್ಕೂ ಹೂಂ. "ಯಾಕೆ ಮಂಕಾಗಿದ್ದೀಯ?" ಅಂತ ಕೇಳಿದರು. ತಲೆನೋವು ಅಂದೆ. ಬ್ಯಾಗಿನಿಂದ ಅಮೃತಾಂಜನ ತೆಗೆದುಕೊಟ್ಟರು. ಹಚ್ಚಿಕೊಂಡೆ. ಇಲ್ಲದ ನೋವಿಗೆ ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಅಕ್ಕ ಸಾರಿನ ಡಬ್ಬಿ ಟೇಬಲ್ಲಿನ ಮೇಲಿಟ್ಟು ಮ್ಯಾನೇಜರ್ ಕ್ಯಾಬಿನ್ನಿಗೆ ಹೋದರು. ಬಂದವರು ರಿಜಿಸ್ಟರ್ ತೆಗೆದು, ಕೀ ಬರೆದು ಕೊಟ್ಟು, ಬ್ಯಾಗು ಎತ್ತಿಕೊಂಡರು. ರಿಜಿಸ್ಟರಿನಲ್ಲಿ ನನ್ನ ಸೈನ್ ಮೊದಲೇ ತಯಾರಿದ್ದ ಹಾಗೆ ಸರಸರ ಬಿದ್ದಿದ್ದನ್ನು ಅವರು ನೋಡಿದರು. ಹೋಗುವಾಗ ಡಬ್ಬಿ ಕಡೆ ಕೈ ತೋರಿಸಿ, "ಅದು ನಿಂದೇ" ಅಂದರು. ನಾನು ಮುದ್ದೆ ತಂದಿರಲಿಲ್ಲ.

ಸಣ್ಣ ಊರಿನಲ್ಲಿ ಇಂಥ ರಜೆಯ ಬೆಲೆ ಏನು ಅಂತ ಸುತ್ತೋಲೆ ಬರೆಯುವವರಿಗೆ ಗೊತ್ತಿರಲಿಕ್ಕಿಲ್ಲ. ಮೂರನೇ ದಿನಕ್ಕೆ ಕೌಂಟರಿನಲ್ಲಿ ಒಬ್ಬರು ಬಗ್ಗಿ ಪಿಸುಗುಟ್ಟಿದರು, "ಕ್ಯಾಷಿಯರಮ್ಮನ್ನ ಸಸ್ಪೆಂಡ್ ಮಾಡಿದ್ರಂತೆ?" ಇಲ್ಲ, ರಜೆ ಅಂದೆ. "ದಿಢೀರ್ ಅಂತಾನಾ?" ಅಂದರು. ಎಟಿಎಂ ಹತ್ತಿರದ ಟೀ ಅಂಗಡಿಯಲ್ಲಿ ಎಷ್ಟು ಲಕ್ಷ ಅನ್ನೋದೂ ತೀರ್ಮಾನ ಆಗಿತ್ತಂತೆ. ಬಂದವರಿಗೆಲ್ಲ ನಾನು ನಿಯಮ ಬಿಡಿಸಿ ಹೇಳಿದ್ದೇ ಹೇಳಿದ್ದು. ಎಷ್ಟು ಜನ ನಂಬಿದರೋ.

ಅಕ್ಕ ವಾಪಸ್ ಬಂದ ದಿನ ಸಂಜೆ ಬಸ್ಸಿನಲ್ಲಿ ನೇರ ಕೇಳಿದರು.

"ನಿಂಗೆ ಹಿಂದಿನ ದಿನಾನೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ತಲೆನೋವು?"

"ಇರ್ಲಿಲ್ಲ."

ಸ್ವಲ್ಪ ದೂರ ಸುಮ್ಮನಿದ್ದರು. ಆಮೇಲೆ, "ನಾನಾಗಿದ್ರೆ ಹೇಳ್ಬಿಡ್ತಿದ್ದೆ" ಅಂದರು.

ಮೊದಲು ನಾನು ನಂಬಲಿಲ್ಲ. ನಾದಿನಿಯ ಒಡವೆ ತೂಗುವಾಗ ಚಿಲಕ ಹಾಕಿಕೊಂಡು ಕೂತವರು ಇಂಥ ಮಾತು ಹೊರಗೆ ಬಿಡುತ್ತಾರಾ? ಆದರೆ ಅಕ್ಕ ಸುಮ್ನೆ ಆಡುವವರಲ್ಲ. ನಿಜವಾಗಿಯೂ ಹೇಳಿಬಿಡುತ್ತಿದ್ದರು ಅಂತಲೇ ಈಗ ಅನ್ನಿಸುತ್ತದೆ. ದುಡ್ಡಿನ ವಿಷಯಕ್ಕೆ, ಕಸ್ಟಮರ್ ವಿಷಯಕ್ಕೆ ಬಂದರೆ ಅವರು ಒಡಹುಟ್ಟಿದವರನ್ನೂ ಹತ್ತಿರ ಬಿಡುವುದಿಲ್ಲ. ಆದರೆ ಜೊತೆಯಲ್ಲಿ ಕೂತು ಉಂಡವಳು ಊರಿನ ಬಾಯಿಗೆ ಬೀಳುತ್ತಾಳೆ ಅಂತ ಗೊತ್ತಿದ್ದರೆ, ಗಂಡನಿಗೊಂದು ಮಾತು ಹೇಳಿಟ್ಟುಕೊಳ್ಳಲಿ, ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಅಂತ ಬಾಯಿ ಬಿಡುತ್ತಾರೆ. ಅದರಿಂದ ಬ್ಯಾಂಕಿನ ಒಂದು ರೂಪಾಯಿಯೂ ಹೋಗುವುದಿಲ್ಲ, ಹೋಗುವುದಾದರೆ ಹೇಳುತ್ತಿರಲಿಲ್ಲ ಅನ್ನೋದು ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ಇಂಥವರಿಗೆ ಹೇಳಬಹುದು, ಇಂಥವರಿಗೆ ಬೇಡ ಅಂತ ನಾನು ಆರಿಸಲು ಹೊರಟರೆ ಆ ರಜೆಗೆ ಅರ್ಥವೇ ಇಲ್ಲ. ಅಕ್ಕ ಎಂಥವರು ಅಂತ ನನಗೆ ಗೊತ್ತು. ಆದರೆ ನನಗೆ ಗೊತ್ತು ಅನ್ನೋದನ್ನು ಒಪ್ಪದೇ ಇರಲೆಂದೇ ಆ ನಿಯಮ ಇರೋದು.

ಹೀಗೆ ನಾವಿಬ್ಬರೂ ಗೆರೆ ಎಳೆಯುವವರೇ. ಗೆರೆಯ ಜಾಗ ಮಾತ್ರ ಬೇರೆ ಬೇರೆ. ಇಷ್ಟು ವರ್ಷ ಪಕ್ಕಪಕ್ಕ ಕೂತು ಓಡಾಡಿದ ಮೇಲೆ ಅವರ ಗೆರೆ ಎಲ್ಲಿದೆ ಅಂತ ನನಗೆ ಗೊತ್ತು, ನನ್ನದು ಅವರಿಗೆ ಗೊತ್ತು. ಒಪ್ಪಿಕೊಂಡಿದ್ದೇವೆ ಅಂತಲ್ಲ. ಈಗಲೂ ಕಡ್ಡಾಯ ರಜೆಯ ಮಾತು ಬಂದರೆ ಅಕ್ಕ, "ಇವ್ಳ ಹತ್ರ ಹುಷಾರಾಗಿರಿ, ತಲೆನೋವು ಅಂತಾಳೆ" ಅಂತ ಎಲ್ಲರ ಎದುರು ಕಿಚಾಯಿಸುತ್ತಾರೆ. ಅದರಲ್ಲಿ ಅರ್ಧ ತಮಾಷೆ, ಇನ್ನರ್ಧ ತಮಾಷೆ ಅಲ್ಲ.

ಈ ಸಲದ ಟ್ರಾನ್ಸ್‌ಫರ್ ಲಿಸ್ಟಿನಲ್ಲಿ ನನ್ನ ಹೆಸರು ಇರಬಹುದು. ಆಫೀಸರುಗಳನ್ನು ಒಂದೇ ಕಡೆ ಜಾಸ್ತಿ ವರ್ಷ ಬಿಡುವುದಿಲ್ಲ. ಅಕ್ಕ ಇಲ್ಲೇ ಇರುತ್ತಾರೆ. ನೀವು ಬೇಜಾರು ಮಾಡ್ಕೋತೀರಾ ಅಂತ ಕೇಳಿದ್ದಕ್ಕೆ ಜೋರಾಗಿ ನಕ್ಕರು. "ಬೇಗ ಹೋಗು ತಾಯಿ. ಮೇಲಿನೋಳು ಅಂತ ಇಷ್ಟು ದಿನ ಬಾಯಿ ಕಟ್ಕೊಂಡಿದ್ದೀನಿ. ನಿನ್ನ ಸರಿಯಾಗಿ ಬೈಯೋಕೆ ನಂಗೂ ಒಂದು ದಿನ ಬೇಡ್ವಾ?"

ಹಾಗಾದ್ರೆ ಇಷ್ಟು ದಿನ ಬೈದಿದ್ದೆಲ್ಲಾ ಏನು ಅಂದೆ.

"ಅದು ಆಫೀಸಿನ ಲೆಕ್ಕದ್ದು" ಅಂದರು.